ಮೆಟ್ಟೂರೋ, ಭವಾನಿಸಾಗರವೋ, ಕೃಷ್ಣಗಿರಿಯೋ? ನೀರಿನ ಅಡಿ ನೋಡಿ ಅಣೆಕಟ್ಟು ಆರಿಸಿ

ಹೊಸೂರು, ಡೆಂಕಣಿಕೋಟೆ, ತಾಳವಾಡಿ ಸೀಮೆಯ ಕನ್ನಡಿಗರು ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬಹುದಾದ ಜಲಾಶಯಗಳು ಮುಖ್ಯವಾಗಿ ಮೂರು. ಕಾವೇರಿಗೆ ಮೆಟ್ಟೂರು, ಭವಾನಿ ನದಿಗೆ ಭವಾನಿಸಾಗರ, ದಕ್ಷಿಣ ಪಿನಾಕಿನಿಗೆ ಕೃಷ್ಣಗಿರಿ. ಹತ್ತಿರ ಯಾವುದು, ಪಾರ್ಕು ಎಲ್ಲಿ ಚೆನ್ನಾಗಿದೆ ಎಂದು ಕೇಳಿಕೊಂಡು ಹೊರಡುವವರೇ ಹೆಚ್ಚು. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಇವತ್ತು ನೀರು ಎಷ್ಟು ಅಡಿ ಇದೆ? ಒಂದೇ ಅಣೆಕಟ್ಟು ಆಗಸ್ಟಿನಲ್ಲಿ ಒಂದು ಊರಿನಂತೆ, ಮೇ ತಿಂಗಳಲ್ಲಿ ಇನ್ನೊಂದು ಊರಿನಂತೆ ಕಾಣುತ್ತದೆ. ಎರಡೂ ನೋಡಲು ತಕ್ಕವೇ. ಆದರೆ ಮೇ ತಿಂಗಳ ಅಣೆಕಟ್ಟಿಗೆ ಆಗಸ್ಟಿನ ಆಸೆ ಹೊತ್ತು ಹೋದರೆ ಪೆಟ್ರೋಲು ದಂಡ.

ಮೂರೂ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ತಮಿಳು ಪತ್ರಿಕೆಗಳಲ್ಲಿ, ಟಿವಿಯಲ್ಲಿ ದಿನವೂ ಬರುತ್ತವೆ. ಗರಿಷ್ಠ ಮಟ್ಟ ನೆನಪಿಟ್ಟುಕೊಳ್ಳಿ: ಮೆಟ್ಟೂರು 120 ಅಡಿ, ಭವಾನಿಸಾಗರ 105 ಅಡಿ, ಕೃಷ್ಣಗಿರಿ 52 ಅಡಿ. ಹರಿವನ್ನು ಕ್ಯೂಸೆಕ್‌ನಲ್ಲಿ, ಸಂಗ್ರಹವನ್ನು ಟಿಎಂಸಿಯಲ್ಲಿ ಹೇಳುತ್ತಾರೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್, ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. 11,574 ಕ್ಯೂಸೆಕ್ ನೀರು ಪೂರ್ತಿ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ಡ್ಯಾಮು ತುಂಬುವ ದಿನವನ್ನು ಮನೆಯಲ್ಲೇ ಕೂತು ಅಂದಾಜು ಮಾಡಬಹುದು.

ಮೆಟ್ಟೂರನ್ನೇ ತೆಗೆದುಕೊಳ್ಳಿ. 100 ಅಡಿಯಲ್ಲಿ ಸುಮಾರು 65 ಟಿಎಂಸಿ ಇರುತ್ತದೆ, 120ರಲ್ಲಿ 93.47. ಮೇಲಿನ 20 ಅಡಿಗೇ 28 ಟಿಎಂಸಿಗೂ ಹೆಚ್ಚು ಬೇಕು, ಏಕೆಂದರೆ ಕೆರೆ ಮೇಲೆ ಹೋದಂತೆ ಅಗಲವಾಗುತ್ತದೆ. ಒಳಹರಿವು 50,000, ಹೊರಹರಿವು 10,000 ಕ್ಯೂಸೆಕ್ ಇದ್ದರೆ ಉಳಿಯುವುದು 40,000, ಅಂದರೆ ದಿನಕ್ಕೆ ಸುಮಾರು ಮೂರೂವರೆ ಟಿಎಂಸಿ. 100 ಅಡಿಯಿಂದ ತುಂಬಲು ಎಂಟು ದಿನ ಬೇಕು. ಕೊಡಗು, ವಯನಾಡಿನಲ್ಲಿ ಮಳೆ ಹಿಡಿದು ಕನ್ನಂಬಾಡಿ ಮತ್ತು ಕಬಿನಿಯಿಂದ ಹೆಚ್ಚು ನೀರು ಬಿಟ್ಟರೆ ಅದು ಬಿಳಿಗುಂಡ್ಲು, ಹೊಗೇನಕಲ್ ದಾಟಿ ಮೆಟ್ಟೂರಿಗೆ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಕನ್ನಂಬಾಡಿ ತುಂಬಿತು ಎಂಬ ಸುದ್ದಿ ಬಂದ ವಾರದಿಂದಲೇ ಮೆಟ್ಟೂರಿನ ಮೇಲೆ ಕಣ್ಣಿಡಿ.

ಮೆಟ್ಟೂರು: ಚರಿತ್ರೆ ನೋಡಬೇಕೆಂದರೆ ಇದೇ

ಮೂರರಲ್ಲಿ ಹಿರಿಯದು, ದೊಡ್ಡದು ಮೆಟ್ಟೂರು. ಕೆಲಸ ಶುರುವಾದದ್ದು 1925ರಲ್ಲಿ, ಉದ್ಘಾಟನೆ 1934ರ ಆಗಸ್ಟ್ 21ರಂದು. ಆಗಿನ ಮದ್ರಾಸ್ ಗವರ್ನರ್ ಸರ್ ಜಾರ್ಜ್ ಸ್ಟ್ಯಾನ್ಲಿಯ ಹೆಸರು ಜಲಾಶಯಕ್ಕೆ ಬಂತು, ಎಂಜಿನಿಯರ್ ಕರ್ನಲ್ ಎಲ್ಲಿಸ್ ಹೆಸರು ಕೋಡಿಗೆ ಉಳಿಯಿತು. ಕನ್ನಂಬಾಡಿಗೂ ಮೆಟ್ಟೂರಿಗೂ ಬೇರು ಒಂದೇ. ಮೈಸೂರು ಮತ್ತು ಮದ್ರಾಸು ಸರ್ಕಾರಗಳು 1924ರಲ್ಲಿ ಮಾಡಿಕೊಂಡ ಕಾವೇರಿ ಒಪ್ಪಂದ ಎರಡಕ್ಕೂ ಆಧಾರ. ಕನ್ನಂಬಾಡಿ ಹಿಡಿಯುವುದು 49.45 ಟಿಎಂಸಿ, ಮೆಟ್ಟೂರು ಹಿಡಿಯುವುದು ಹತ್ತಿರ ಹತ್ತಿರ ಅದರ ಎರಡರಷ್ಟು. ಕನ್ನಂಬಾಡಿ ನೋಡಿದವರು ಮೆಟ್ಟೂರನ್ನೂ ಒಮ್ಮೆ ನೋಡಲೇಬೇಕು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಒಂದೇ ಹೊಳೆಗೆ ಒಂದೇ ಕಾಲದಲ್ಲಿ ಎರಡು ರಾಜ್ಯಗಳು ಕಟ್ಟಿದ ಎರಡು ಕಟ್ಟೆಗಳನ್ನು ನೋಡದೆ ಕಾವೇರಿಯ ಜಗಳವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ.

ಮೆಟ್ಟೂರಿನಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಡ್ಯಾಮು ತುಂಬಿದೆ ಎಂದು ಓಡಿ ಬಂದು ಪಾರ್ಕಿನಲ್ಲಿ ನಿಂತರೆ ನೀರು ಧುಮುಕುವುದು ಕಾಣುವುದಿಲ್ಲ. ಪಾರ್ಕಿನ ಮೇಲೆ ಎದ್ದು ನಿಂತಿರುವುದು 1.6 ಕಿಲೋಮೀಟರ್ ಉದ್ದದ ಕಲ್ಲಿನ ಗೋಡೆ. ಹೆಚ್ಚುವರಿ ನೀರು ಈ ಗೋಡೆಯ ಮೇಲಿಂದ ಬೀಳುವುದಿಲ್ಲ. ಪಕ್ಕದ ತಗ್ಗಿನಲ್ಲಿ ಬೇರೆಯಾಗಿ ಕಟ್ಟಿದ ಹದಿನಾರು ಕಣ್ಣಿನ ಕೋಡಿಯಿಂದ ಹೊರಬೀಳುತ್ತದೆ. ಅದನ್ನು ನೋಡಬೇಕಾದದ್ದು ತಂಗಮಾಪುರಿಪಟ್ಟಣದ ಕಡೆ, ಕೋಡಿಯ ಮುಂದಿನ ಸೇತುವೆಯಿಂದ. ಪ್ರವಾಹ ಬಂದ ದಿನಗಳಲ್ಲಿ ಅಲ್ಲಿ ಪೊಲೀಸರಿರುತ್ತಾರೆ, ವಾಹನ ನಿಲ್ಲಿಸಲು ಬಿಡುವುದಿಲ್ಲ. ಗಾಡಿಯನ್ನು ಊರೊಳಗೆ ಬಿಟ್ಟು ನಡೆದು ಹೋಗಿ.

ಹದಿನಾರು ಕಣ್ಣು ತೆರೆದಿದೆಯೋ ಇಲ್ಲವೋ ಎಂದು ತಿಳಿಯಲು ಹೊರಹರಿವಿನ ಅಂಕಿ ಸಾಕು. ಡ್ಯಾಮಿನ ಬುಡದ ಮತ್ತು ಸುರಂಗದ ವಿದ್ಯುತ್ ಮನೆಗಳು ಸೇರಿ ಬಿಡಬಲ್ಲದ್ದು ಸುಮಾರು 22,000 ಕ್ಯೂಸೆಕ್. ಹೊರಹರಿವು ಅದಕ್ಕಿಂತ ಕಡಿಮೆ ಇದ್ದರೆ ನೀರೆಲ್ಲ ಟರ್ಬೈನಿನ ದಾರಿಯಲ್ಲೇ ಹೋಗುತ್ತಿದೆ ಎಂದರ್ಥ, ಕೋಡಿ ಒಣಗಿರುತ್ತದೆ. 30,000 ದಾಟಿದ್ದರೆ ಹೊರಡಿ. ಲಕ್ಷ ದಾಟಿದ್ದರೆ ದೂರದಿಂದ ನೋಡುವ ಮನಸ್ಸಿದ್ದರೆ ಮಾತ್ರ ಹೊರಡಿ. ಆಗ ಹೊಳೆಯ ದಂಡೆಗೆಲ್ಲ ಬಂದೋಬಸ್ತು ಇರುತ್ತದೆ, ಹೊಗೇನಕಲ್‌ನಲ್ಲಿ ಸ್ನಾನ, ತೆಪ್ಪ ಎಲ್ಲ ಬಂದ್ ಆಗಿರುತ್ತದೆ. ಎರಡನ್ನೂ ಒಂದೇ ದಿನ ಮಾಡುತ್ತೇವೆ ಎಂಬ ಯೋಜನೆ ಇಂಥ ದಿನ ನಡೆಯುವುದಿಲ್ಲ. ಹೊಗೇನಕಲ್ಲಿನಲ್ಲಿ ಮೀಯಲು ಹರಿವು ತಗ್ಗಬೇಕು, ಹದಿನಾರು ಕಣ್ಣು ತೆರೆಯಲು ಹರಿವು ಏರಬೇಕು.

ಇದಕ್ಕೆ ತದ್ವಿರುದ್ಧದ ನೋಟ ಬೇಸಿಗೆಯದು. ಡ್ಯಾಮು ಕಟ್ಟಿದಾಗ ಮುಳುಗಿದ ಹಳ್ಳಿಗಳ ಗುರುತುಗಳು ಕೊಳತ್ತೂರು ಕಡೆಯ ಪಣ್ಣವಾಡಿಯಲ್ಲಿ ನೀರಿಳಿದಾಗ ಮೇಲೇಳುತ್ತವೆ. ಮಟ್ಟ 80 ಅಡಿಯಿಂದ ಕೆಳಗಿಳಿಯುತ್ತಿದ್ದಂತೆ ಹಳೆಯ ಇಗರ್ಜಿಯ ಗೋಪುರ ಮೊದಲು ಕಾಣಿಸುತ್ತದೆ. 70ರ ಆಸುಪಾಸಿಗೆ ಬಂದಾಗ ಜಲಕಂಠೇಶ್ವರ ಗುಡಿಯ ದೊಡ್ಡ ನಂದಿ ಹೊರಬರುತ್ತದೆ. ಅದಕ್ಕೂ ಕೆಳಗಿಳಿದರೆ ಬುಡದವರೆಗೆ ನಡೆದೇ ಹೋಗಬಹುದು. 95 ಅಡಿ ಇರುವಾಗ ನಂದಿ ನೋಡಲು ಹೋದರೆ ಅಲ್ಲಿರುವುದು ಬರೀ ನೀರು.

ನಡೆದು ಹೋಗುವವರು ನೆಲವನ್ನು ನಂಬಬಾರದು. ಹೊಸದಾಗಿ ನೀರಿಳಿದ ಕೆರೆಯ ಹೂಳು ಮೇಲೆ ಒಣಗಿ ಹೆಂಚಿನ ಹಾಗೆ ಬಿರುಕು ಬಿಟ್ಟಿರುತ್ತದೆ. ಬಿರುಕಿನ ಬಾಯಿ ಬೆಳ್ಳಗೆ ಒಣಗಿದ್ದರೆ ಕಾಲಿಡಬಹುದು. ಬಿರುಕಿನೊಳಗೆ ಕಪ್ಪಗೆ ತೇವ ಕಂಡರೆ ಆ ಪದರ ನಾಲ್ಕು ಬೆರಳು ದಪ್ಪವೂ ಇರುವುದಿಲ್ಲ, ಅದರಡಿ ಮೊಣಕಾಲು ಹುಗಿಯುವ ಕೆಸರು. ಕೋಲಿನಿಂದ ಚುಚ್ಚಿ ನೋಡಿ, ದನ ನಡೆದ ಜಾಡು ಬಿಟ್ಟು ಹೋಗಬೇಡಿ. ನೀರಿಳಿದ ಜಾಗದಲ್ಲಿ ರೈತರು ರಾಗಿ, ಕಡಲೆಕಾಯಿ, ಜೋಳ ಹಾಕಿರುತ್ತಾರೆ. ಆ ಬೆಳೆಗೆ ಕಾಲ ಮಿತಿ ಇದೆ, ಮುಂದಿನ ಮಳೆಗೆ ಹೊಲ ಮತ್ತೆ ಮುಳುಗುತ್ತದೆ. ಬದುವಿನ ಮೇಲೆ ನಡೆಯಿರಿ, ಪೈರು ತುಳಿಯಬೇಡಿ.

ಇನ್ನೊಂದು ಎಚ್ಚರಿಕೆ. ನೀರು ನಿಂತ ತಿಂಗಳುಗಳಲ್ಲಿ ಪಣ್ಣವಾಡಿ, ಕೋಟ್ಟೈಯೂರು ಕಡೆಯ ಹಿನ್ನೀರಿನಲ್ಲಿ ಹಸಿರು ಪಾಚಿ ಬಣ್ಣ ಕಲಸಿದಂತೆ ಹಬ್ಬುತ್ತದೆ. ಕೊಳೆತಾಗ ಬರುವ ನಾತ ದಡದ ಊರುಗಳಿಗೇ ತಡೆಯಲಾಗುವುದಿಲ್ಲ. ಅಂಥ ನೀರಿನಲ್ಲಿ ಕೈಕಾಲು ತೊಳೆಯಬೇಡಿ, ಮಕ್ಕಳನ್ನಂತೂ ಇಳಿಸಲೇಬೇಡಿ.

ಡ್ಯಾಮಿನ ಮೇಲೆ ಎಲ್ಲರನ್ನೂ ಬಿಡುವುದಿಲ್ಲ. ಹಿರಿದಾದ ಕೆರೆಯನ್ನು ಕಣ್ತುಂಬ ನೋಡಬೇಕೆಂದರೆ ಪವಳವಿಳಾ ಗೋಪುರ ಎಂದು ಕರೆಯುವ ವೀಕ್ಷಣಾ ಗೋಪುರವನ್ನು ಕೇಳಿಕೊಂಡು ಹೋಗಿ. ಬಾಗಿಲು ತೆರೆದಿದೆಯೇ ಎಂದು ಪಾರ್ಕಿನ ಟಿಕೆಟ್ ಕೊಡುವಲ್ಲಿ ಮೊದಲೇ ವಿಚಾರಿಸಿ. ಡ್ರೋನ್ ತರಬೇಡಿ. ಕ್ಯಾಮೆರಾ ಎಲ್ಲಿ ಬೇಡ ಎಂದು ಬೋರ್ಡು ಇದೆಯೋ ಅಲ್ಲಿ ತೆಗೆಯಬೇಡಿ, ಇದು ವಿದ್ಯುತ್ ಮನೆಯಿರುವ ಕಾವಲಿನ ಜಾಗ.

ಆಗಸ್ಟ್ 2 ಅಥವಾ 3ಕ್ಕೆ ಬೀಳುವ ಆಡಿ ಹದಿನೆಂಟರಂದು ಮೆಟ್ಟೂರಿಗೆ ಜನಸಾಗರ ಬರುತ್ತದೆ. ಕಾವೇರಿಯಲ್ಲಿ ಮಿಂದು, ಅಣೆಕಟ್ಟಿನ ಮುನಿಯಪ್ಪನಿಗೆ ಪೂಜೆ ಮಾಡಿ, ಅಲ್ಲೇ ಅಡಿಗೆ ಮಾಡಿ ಉಣ್ಣುವ ಹಬ್ಬ. ಹಬ್ಬ ನೋಡಬೇಕೆಂದರೆ ಆ ದಿನವೇ ಹೋಗಿ, ಬೆಳಿಗ್ಗೆ ಎಂಟರೊಳಗೆ ಅಲ್ಲಿರಿ. ಅಣೆಕಟ್ಟು ನೋಡಬೇಕೆಂದರೆ ಆ ದಿನ ಬಿಟ್ಟು ಯಾವ ದಿನವಾದರೂ ಹೋಗಿ.

ಭವಾನಿಸಾಗರ: ಮಣ್ಣಿನ ಏರಿ, ಕಾಡಿನ ದಾರಿ

ತಾಳವಾಡಿ, ಹಾಸನೂರು, ಚಾಮರಾಜನಗರದವರಿಗೆ ಇದು ಹತ್ತಿರ. ತಾಳವಾಡಿಯಿಂದ ದಿಂಬಂ ಘಾಟಿ ಇಳಿದು ಬಣ್ಣಾರಿ ಮೂಲಕ ಸುಮಾರು 60 ಕಿಲೋಮೀಟರ್, ಸತ್ಯಮಂಗಲದಿಂದ 16.

1948ರಿಂದ 1955ರವರೆಗೆ ಕಟ್ಟಿದ, ಎಂಟು ಕಿಲೋಮೀಟರ್‌ಗೂ ಉದ್ದದ ಮಣ್ಣಿನ ಅಣೆಕಟ್ಟು ಇದು, ನಡುವೆ ಮಾತ್ರ ಕಲ್ಲುಗಾರೆಯ ಕೋಡಿ. ಮೆಟ್ಟೂರಿನ ಕಲ್ಲಿನ ಗೋಡೆ ತನ್ನ ತೂಕದಿಂದ ನೀರನ್ನು ತಡೆಯುತ್ತದೆ. ಮಣ್ಣಿನ ಏರಿ ತನ್ನ ಅಗಲದಿಂದ ತಡೆಯುತ್ತದೆ. ಅದರ ತಲೆಯ ಮೇಲೆ ನೀರು ಹರಿದರೆ ಮಣ್ಣು ಕೊಚ್ಚಿಹೋಗುತ್ತದೆ, ಹಾಗಾಗಿ ತುಂಬಲು ಬಿಡುವುದರಲ್ಲೂ ಎಚ್ಚರ. ಗರಿಷ್ಠ 105 ಅಡಿ ಇದ್ದರೂ ಅಕ್ಟೋಬರ್ ಮುಗಿಯುವ ತನಕ 102ಕ್ಕೇ ನಿಲ್ಲಿಸಿ ಮಿಕ್ಕಿದ್ದನ್ನು ಹೊಳೆಗೆ ಬಿಡುತ್ತಾರೆ, ಹಿಂಗಾರಿನ ಮಳೆ ಒಮ್ಮೆಲೇ ಬಂದರೆ ಜಾಗ ಇರಲಿ ಎಂದು. ತುಂಬಿದ ಭವಾನಿಸಾಗರ ನೋಡಲು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಒಳ್ಳೆಯ ಕಾಲ. ನೀಲಗಿರಿಗೆ ಎರಡೂ ಮಳೆ ಸಿಗುವುದರಿಂದ ಮೆಟ್ಟೂರು ಇಳಿಯುತ್ತಿರುವಾಗಲೂ ಇದು ತುಂಬಿರುವುದುಂಟು.

ಇಲ್ಲಿಯೂ ಪಾರ್ಕು ಏರಿಯ ಕೆಳಗಿದೆ. ಮಕ್ಕಳಿಗೆ ಚೆನ್ನ, ನೆರಳಿದೆ, ಹೊರಗೆ ಮೀನು ಕರಿಯುವ ಅಂಗಡಿಗಳಿವೆ. ಆದರೆ ಅಲ್ಲಿಂದ ಕೆರೆಯ ಒಂದು ಹನಿಯೂ ಕಾಣುವುದಿಲ್ಲ, ಕಾಣುವುದು ಹುಲ್ಲು ಬೆಳೆದ ಏರಿಯ ಇಳಿಜಾರು. ಏರಿ ಹತ್ತಲು ಸಾಮಾನ್ಯ ದಿನಗಳಲ್ಲಿ ಅನುಮತಿ ಇಲ್ಲ. ನೀರಿನ ಹರವು ನೋಡಬೇಕಾದವರು ಮೇಟ್ಟುಪಾಳಯಂ ಕಡೆಗೆ ಸಿರುಮುಗೈ ಬಳಿಯ ಲಿಂಗಾಪುರದ ಹಿನ್ನೀರಿಗೆ ಹೋಗಬೇಕು. ಮಟ್ಟ 100 ಅಡಿ ಸಮೀಪಿಸಿದರೆ ಲಿಂಗಾಪುರದಿಂದ ಗಂಧವಯಲ್‌ಗೆ ಹೋಗುವ ಹಳೆಯ ಸೇತುವೆ ಮುಳುಗಿ ಆ ಕಡೆಯ ಊರಿನವರು ದೋಣಿಯಲ್ಲಿ ದಾಟಬೇಕಾಗುತ್ತಿತ್ತು. ದೋಣಿ ಓಡುತ್ತಿದ್ದರೆ ಅದು ಅವರ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಇರುವ ದಾರಿ, ಮೋಜಿಗಾಗಿ ಜಾಗ ತುಂಬಬೇಡಿ.

ನಮ್ಮವರಿಗೆ ಭವಾನಿಸಾಗರದ ಮೇಲೆ ಇನ್ನೊಂದು ಹಕ್ಕಿನ ನಂಟಿದೆ. ಭವಾನಿ, ಮೋಯಾರು ಹೊಳೆಗಳು ಸೇರುವಲ್ಲಿ ಈ ನೀರಿನಡಿ ಮುಳುಗಿರುವುದು ದಣ್ಣಾಯಕನ ಕೋಟೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದಲ್ಲಿ ತೆರಕಣಾಂಬಿಯಿಂದ ಆಳುತ್ತಿದ್ದ ದಣ್ಣಾಯಕರ, ಅಂದರೆ ದಂಡನಾಯಕರ ಕೋಟೆ ಅದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿಗೂ ಇದೇ ಮನೆತನದ ಹೆಸರು ಅಂಟಿದೆ. ಕೋಟೆಯೊಳಗಿದ್ದ ಮಾಧವರಾಯ ಪೆರುಮಾಳ್ ಗುಡಿಯ ಕಲ್ಲುಕಂಬಗಳು ನೀರು ಅರ್ಧಕ್ಕಿಂತ ಕೆಳಗೆ, ತೀರಾ ಇಳಿದ ವರ್ಷಗಳಲ್ಲಿ ಮಾತ್ರ ಹೊರಗೆ ಬರುತ್ತವೆ. ಅಲ್ಲಿಗೆ ಹೋಗಬೇಕೆಂದರೆ ಮೊದಲು ಅರಣ್ಯ ಇಲಾಖೆಯವರನ್ನೂ ನೀರಾವರಿಯವರನ್ನೂ ಕೇಳಬೇಕು. ಹಿನ್ನೀರಿನ ದಡ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದೆ, ಬೇಸಿಗೆಯಲ್ಲಿ ಆನೆಗಳು ಹಿಂಡಾಗಿ ನೀರಿಗೆ ಇಳಿಯುವುದು ಅಲ್ಲೇ. ಮೋಯಾರಿನಲ್ಲಿ ಮೊಸಳೆಗಳೂ ಇವೆ. ಪಣ್ಣವಾಡಿಯ ನಂದಿಗೆ ಸಿಕ್ಕಷ್ಟು ಸುಲಭದ ದಾರಿ ಇಲ್ಲಿಲ್ಲ. ಮುಳುಗಡೆಯ ಗುಡಿ ನೋಡುವುದೇ ಆಸೆಯಾದರೆ ಮೆಟ್ಟೂರನ್ನೇ ಆರಿಸಿ.

ಮೀಯಲು ಕೊಡಿವೇರಿ

ಭವಾನಿಸಾಗರಕ್ಕೆ ಹೋದವರು ಸ್ನಾನಕ್ಕೆ ನಾಲೆ ಹುಡುಕುತ್ತಾರೆ. ದಯವಿಟ್ಟು ಬೇಡ. ಕೆಳಭವಾನಿ ನಾಲೆಯ ದಡ ಕಡಿದಾಗಿದೆ, ಒಳಗಿಳಿದವನಿಗೆ ಹಿಡಿದು ಹತ್ತಲು ಆಸರೆ ಸಿಗುವುದಿಲ್ಲ. ಮೇಲೆ ನಿಧಾನವಾಗಿ ಕಾಣುವ ನೀರು ಒಳಗೆ ಎಳೆಯುತ್ತಿರುತ್ತದೆ. ಈಜು ಬಲ್ಲವರೇ ಇಲ್ಲಿ ಮುಳುಗಿ ಹೋಗಿದ್ದಾರೆ.

ಅದರ ಬದಲು ಸತ್ಯಮಂಗಲ–ಗೋಬಿಚೆಟ್ಟಿಪಾಳಯ ನಡುವಿನ ಕೊಡಿವೇರಿ ಅಣೆಗೆ ಹೋಗಿ. 12ನೇ ಶತಮಾನದ್ದೆಂದು ಪ್ರತೀತಿ ಇರುವ ಈ ಅಣೆ ಭವಾನಿಯ ನೀರನ್ನು ತಡಪಳ್ಳಿ, ಅರಕ್ಕನ್‌ಕೋಟೆ ಎಂಬ ಎರಡು ನಾಲೆಗಳಿಗೆ ತಿರುಗಿಸುತ್ತದೆ, ಇಂದಿಗೂ ಆ ನಾಲೆಗಳ ಕೆಳಗೆ ಭತ್ತ ಬೆಳೆಯುತ್ತದೆ. ಹಳೆಯ ನೀರಾವರಿಯ ಕೆಲಸ ನೋಡುವ ಆಸಕ್ತಿ ಇರುವವರಿಗೆ ವಯಸ್ಸಿನಲ್ಲಿ ಮೆಟ್ಟೂರನ್ನೂ ಮೀರಿಸುವ ಜಾಗ. ನೀರು ಅಣೆಯ ಮೇಲಿಂದ ಹಾಳೆಯಂತೆ ಇಳಿಯುತ್ತದೆ, ಕೆಳಗೆ ಕಟ್ಟೆಗೆ ಬೆನ್ನು ಕೊಟ್ಟು ಕೂರಬಹುದು. ಕಂಬಿ ಹಾಕಿದ ಜಾಗ ದಾಟಬೇಡಿ, ಅದರಾಚೆ ಬಂಡೆಗಳ ನಡುವೆ ಮಡುಗಳಿವೆ. ಇಲ್ಲಿಗೆ ಬರುವುದು ಭವಾನಿಸಾಗರದಿಂದ ಹೊಳೆಗೆ ಬಿಟ್ಟ ನೀರೇ ಆದ್ದರಿಂದ, ಅಲ್ಲಿ ಹೆಚ್ಚುವರಿ ನೀರು ಬಿಟ್ಟ ದಿನ ಇಲ್ಲಿ ಗೇಟು ಮುಚ್ಚುತ್ತಾರೆ. ಭವಾನಿಸಾಗರದ ಮಟ್ಟ 102 ಮುಟ್ಟಿದೆ ಎಂದು ಓದಿದರೆ ಟವೆಲು ಮನೆಯಲ್ಲೇ ಬಿಡಿ.

ಕೃಷ್ಣಗಿರಿ: ಅರ್ಧ ದಿನಕ್ಕೆ ಸಾಕು

ಹೊಸೂರಿನಿಂದ 60 ಕಿಲೋಮೀಟರ್ ಒಳಗೆ, ಹೆದ್ದಾರಿಯ ಮಗ್ಗುಲಲ್ಲೇ ಇದೆ. 1957ರಲ್ಲಿ ಕಾಮರಾಜರು ಉದ್ಘಾಟಿಸಿದ ಅಣೆಕಟ್ಟು, ಹಿಡಿಯುವುದು 1.66 ಟಿಎಂಸಿ, ಮೆಟ್ಟೂರಿನ ಐವತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಕಡಿಮೆ. ಚಿಕ್ಕದಾದದ್ದೇ ಇದರ ಅನುಕೂಲ: ಬೇಗ ತುಂಬುತ್ತದೆ, ಬಾಗಿಲುಗಳೂ ನೀರೂ ಒಂದೇ ನೋಟಕ್ಕೆ ಸಿಗುತ್ತವೆ, ವಯಸ್ಸಾದವರನ್ನು ಹೆಚ್ಚು ನಡೆಸಬೇಕಿಲ್ಲ. 2017ರ ನವೆಂಬರಿನಲ್ಲಿ ಇದರ ಎಂಟು ಬಾಗಿಲುಗಳಲ್ಲಿ ಮೊದಲನೆಯದು ಮುರಿದು, ಕಟ್ಟಿಟ್ಟ ನೀರು ಹೊಳೆಗೆ ಹರಿದುಹೋಯಿತು. ಆಮೇಲೆ ಬಾಗಿಲುಗಳನ್ನು ಹೊಸದಾಗಿ ಕೂರಿಸಿದರು.

ನೀರನ್ನು ಮಾತ್ರ ಮುಟ್ಟಬೇಡಿ. ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆ ಹೊತ್ತು ಬರುತ್ತದೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಡ್ಯಾಮಿನಲ್ಲಿ ಬಾಗಿಲು ತೆರೆದಾಗ ಆಳೆತ್ತರಕ್ಕೆ ಏಳುವ ನೊರೆ ಅದರದ್ದೇ. ಆ ನೊರೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ಅದು ಸೋಪು ಮತ್ತು ಕಾರ್ಖಾನೆಯ ಕೊಳೆ, ಕಣ್ಣಿಗೆ, ಚರ್ಮಕ್ಕೆ ಉರಿ. ನೋಡಲು ಹೋಗುವ ಜಾಗಗಳ ಪಟ್ಟಿಯಿಂದ ಕೆಲವರಪಳ್ಳಿಯನ್ನು ನಾವು ಬಿಟ್ಟಿದ್ದೇವೆ. ಆ ಹೊಳೆಗೆ ಆಗುತ್ತಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಮೀನು

ಮೂರೂ ಕಡೆ ಕರಿದ ಮೀನೇ ಊಟ. ಅಂಗಡಿಯ ಮುಂದೆ ಮಸಾಲೆ ಹಚ್ಚಿ ಜೋಡಿಸಿಟ್ಟ ಮೀನಿನ ತಾಜಾತನ ಗೊತ್ತಾಗುವುದಿಲ್ಲ. ಮಸಾಲೆ ಹಚ್ಚದ್ದನ್ನು ತೋರಿಸಲು ಕೇಳಿ, ಕಿವಿರು ಎತ್ತಿ ನೋಡಿ: ಕೆಂಪಗಿದ್ದರೆ ಇಂದಿನದು, ಕಂದಾಗಿದ್ದರೆ ಬೇಡ. ಮಕ್ಕಳಿಗೆ ಜಿಲೇಬಿ ಮೀನು ಕೊಡಿಸಿ, ಸಣ್ಣ ಮುಳ್ಳು ಕಡಿಮೆ. ಕಟ್ಲಾ, ರೋಹು ರುಚಿಯೇ, ಆದರೆ ಕವಲು ಮುಳ್ಳು ಜಾಸ್ತಿ. ತೂಗಿಸಿ, ದರ ಕೇಳಿ, ಆಮೇಲೆ ಕರಿಯಲು ಹೇಳಿ. ಬಾಣಲೆಯ ಎಣ್ಣೆ ಕಪ್ಪಗಾಗಿ ನೊರೆ ಏಳುತ್ತಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಮೀನಿನ ರುಚಿಯಲ್ಲಿ ನಮ್ಮ ಮತ ಮೆಟ್ಟೂರಿಗೆ. ಕೃಷ್ಣಗಿರಿಯಲ್ಲಿ ಮೇಲೆ ಹೇಳಿದ ಕಾರಣಕ್ಕೆ ಮನಸ್ಸು ಹಿಂದೇಟು ಹಾಕುತ್ತದೆ.

ದಾರಿ ಮತ್ತು ಹೊತ್ತು

ಹೊಸೂರಿನಿಂದ ಮೆಟ್ಟೂರು ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಮಾರ್ಗವಾಗಿ ಸುಮಾರು 150 ಕಿಲೋಮೀಟರ್. ಆರಕ್ಕೆ ಹೊರಟರೆ ಒಂಬತ್ತೂವರೆಗೆ ತಲುಪಬಹುದು. ಬಸ್ಸಿನವರು ಧರ್ಮಪುರಿಯಲ್ಲಿ ಬದಲಿಸಬೇಕು. ತೊಪ್ಪೂರು ಘಾಟಿಯ ಇಳಿಜಾರು ಅಪಘಾತಕ್ಕೆ ಹೆಸರಾದದ್ದು. ಭಾರ ಹೊತ್ತ ಲಾರಿಗಳು ಇಳಿಜಾರಿನಲ್ಲಿ ಬ್ರೇಕು ಬಿಸಿಯಾಗಿ ಹಿಡಿತ ತಪ್ಪುತ್ತವೆ. ನೀವು ಎರಡನೇ ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ, ಲಾರಿಯ ಮುಂದೆ ಹೋಗಿ ನಿಧಾನ ಮಾಡಬೇಡಿ. ಕೊಳ್ಳೇಗಾಲದ ಕಡೆಯವರು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದಾಗ ಅಲ್ಲಿಂದಲೇ ಪಾಲಾರ್, ಕೊಳತ್ತೂರು ಮೂಲಕ ಇಳಿಯಬಹುದು, ಸುಮಾರು 45 ಕಿಲೋಮೀಟರ್. ಪಣ್ಣವಾಡಿಗೆ ಹೋಗುವವರಿಗೆ ಈ ದಾರಿಯೇ ಸಲೀಸು, ಮೆಟ್ಟೂರು ಊರು ಸೇರುವ ಮೊದಲೇ ಕೊಳತ್ತೂರಿನಲ್ಲಿ ತಿರುಗಿದರೆ ಸಾಕು.

ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಿಂದ ಬಣ್ಣಾರಿ, ಕಾರಪಳ್ಳ ಚೆಕ್‌ಪೋಸ್ಟ್‌ಗಳ ನಡುವೆ ರಾತ್ರಿ ಸಂಚಾರಕ್ಕೆ ತಡೆ ಇದೆ: ಸರಕು ವಾಹನಗಳಿಗೆ ಸಂಜೆ 6ರಿಂದ, ಕಾರುಗಳಿಗೆ ರಾತ್ರಿ 9ರಿಂದ, ಬೆಳಿಗ್ಗೆ 6ರವರೆಗೆ. ಒಂಬತ್ತರ ಲೆಕ್ಕ ಹಾಕಿಕೊಂಡು ಬಣ್ಣಾರಿಗೆ ಎಂಟೂಮುಕ್ಕಾಲಿಗೆ ಬರುವುದು ಸರಿಯಲ್ಲ. ಭವಾನಿಸಾಗರದಿಂದ ಬಣ್ಣಾರಿ ಕಡೆಗೆ ಬರುವ ರಸ್ತೆಯಲ್ಲೇ ಸಂಜೆ ಐದೂವರೆಯ ಮೇಲೆ ಆನೆ ಅಡ್ಡ ನಿಲ್ಲುವುದುಂಟು, ಅರ್ಧ ಗಂಟೆ ಕಾಯಬೇಕಾಗಬಹುದು. ಕೊಡಿವೇರಿಯನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಭವಾನಿಸಾಗರಕ್ಕೆ ಬಂದು, ನಾಲ್ಕೂವರೆಗೆ ಅಲ್ಲಿಂದ ಹೊರಟರೆ ಬೆಳಕಿರುವಾಗಲೇ ಹಾಸನೂರು ಮುಟ್ಟುತ್ತೀರಿ. ಆನೆ ಕಂಡರೆ ಹಾರನ್ ಬೇಡ, ಇಳಿಯಬೇಡಿ, ಎಂಜಿನ್ ಆರಿಸಬೇಡಿ. ನೂರು ಮೀಟರು ಹಿಂದೆಯೇ ನಿಲ್ಲಿಸಿ, ಎದುರಿನಿಂದ ಬರುವ ಗಾಡಿಗೆ ಲೈಟು ಮಿನುಗಿಸಿ ಎಚ್ಚರ ಕೊಡಿ, ಆನೆ ದಾಟಿದ ಮೇಲೂ ಮರಿಯೋ ಇನ್ನೊಂದು ಆನೆಯೋ ಹಿಂದೆ ಇದೆಯೇ ಎಂದು ನೋಡಿಕೊಂಡು ಹೊರಡಿ.